ಆತ್ಮಸಾಕ್ಷಿಯ ಮತ: ೧೯೬೯ರ ರಾಷ್ಟ್ರಪತಿ ಚುನಾವಣೆ



ಒಂದು ಸಂಘಕ್ಕೆ ಸೇರಿದವನು ಆ ಸಂಘದ ನಿರ್ಣಯಕ್ಕೆ ಬದ್ಧನಾಗಿರಬೇಕೆಂಬುದು ಸಾಮಾನ್ಯ ನಿಯಮ. ಆದರೆ ಆ ನಿರ್ಣಯವು ತನ್ನ ಮನಸ್ಸಿಗೆ ಒಪ್ಪದಿದ್ದಲ್ಲಿ ಅವನು ಏನು ಮಾಡತಕ್ಕದ್ದು? ನಮ್ಮ ದೇಶದ ಇತಿಹಾಸದಲ್ಲಿ ಈ ಪ್ರಶ್ನೆ ಅತ್ಯಂತ ತೀವ್ರವಾಗಿ ತಲೆದೋರಿದ್ದು ೧೯೬೯ರ ರಾಷ್ಟ್ರಪತಿ ಚುನಾವಣೆಯಲ್ಲಿ. ಅಂದು ಪ್ರಧಾನಮಂತ್ರಿಗಳೇ ತಮ್ಮ ಪಕ್ಷದ ಅಭ್ಯರ್ಥಿಯನ್ನು ಬಿಟ್ಟು ಬೇರೊಬ್ಬರ ಕಡೆಗೆ ಒಲಿದರು.

ಮೊದಲು ಚುನಾವಣೆಯ ಕ್ರಮವನ್ನು ತಿಳಿಯೋಣ. ರಾಷ್ಟ್ರಪತಿಯನ್ನು ಪ್ರಜೆಗಳು ನೇರವಾಗಿ ಆರಿಸುವುದಿಲ್ಲ. ಸಂಸತ್ತಿನ ಮತ್ತು ರಾಜ್ಯ ವಿಧಾನಸಭೆಗಳ ಚುನಾಯಿತ ಸದಸ್ಯರು ಆರಿಸುತ್ತಾರೆ. ಪ್ರತಿಯೊಬ್ಬ ಸದಸ್ಯನ ಮತಕ್ಕೂ ಗೊತ್ತಾದ ಒಂದು ಮೌಲ್ಯವುಂಟು. ಮತದಾರನು ಅಭ್ಯರ್ಥಿಗಳ ಹೆಸರಿನ ಮುಂದೆ ೧, ೨, ೩ ಎಂದು ತನ್ನ ಪ್ರಾಶಸ್ತ್ಯವನ್ನು ಗುರುತಿಸುತ್ತಾನೆ. ಮತದಾನವು ಗೋಪ್ಯವಾದುದು; ಇಲ್ಲಿ ಪಕ್ಷಗಳು ವಿಪ್ ಹೊರಡಿಸುವಂತಿಲ್ಲ.

೧೯೬೯ರ ಮೇ ೩ರಂದು ರಾಷ್ಟ್ರಪತಿ ಡಾ. ಜಾಕಿರ್ ಹುಸೇನರು ದಿವಂಗತರಾದರು. ಉಪರಾಷ್ಟ್ರಪತಿಗಳಾಗಿದ್ದ ಶ್ರೀ ವಿ. ವಿ. ಗಿರಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಇವರು ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ಆಗ ಕಾಂಗ್ರೆಸ್ಸಿನ ಅಧ್ಯಕ್ಷರು ಕನ್ನಡಿಗರೇ ಆದ ಶ್ರೀ ಎಸ್. ನಿಜಲಿಂಗಪ್ಪನವರು. ಪ್ರಧಾನಮಂತ್ರಿ ಶ್ರೀಮತಿ ಇಂದಿರಾ ಗಾಂಧಿಯವರು ಶ್ರೀ ಜಗಜೀವನ ರಾಮರ ಹೆಸರನ್ನು ಬಯಸಿದ್ದರೂ ಪಕ್ಷದ ಸಂಸದೀಯ ಮಂಡಳಿಯ ಬಹುಮತವು ಲೋಕಸಭೆಯ ಸ್ಪೀಕರ್ ಶ್ರೀ ನೀಲಂ ಸಂಜೀವ ರೆಡ್ಡಿಯವರ ಪರವಾಯಿತು. ಶ್ರೀಮತಿ ಗಾಂಧಿಯವರು ರೆಡ್ಡಿಯವರ ನಾಮಪತ್ರಕ್ಕೆ ಸೂಚಕರಾಗಿ ತಾವೇ ಸಹಿ ಹಾಕಿದರು.

ಗಿರಿಯವರು ಜುಲೈ ೨೦ರಂದು ರಾಜೀನಾಮೆಯಿತ್ತು ಸ್ವತಂತ್ರ ಅಭ್ಯರ್ಥಿಯಾಗಿ ನಿಂತರು, ಎಡಪಕ್ಷಗಳು, ಡಿ. ಎಂ. ಕೆ. ಮೊದಲಾದವು ಅವರ ಬೆಂಬಲಕ್ಕೆ ಬಂದವು. ಸ್ವತಂತ್ರ ಪಕ್ಷ ಮತ್ತು ಜನಸಂಘಗಳು ಮಾಜಿ ಅರ್ಥಮಂತ್ರಿ ಶ್ರೀ ಸಿ. ಡಿ. ದೇಶಮುಖರನ್ನು ಬೆಂಬಲಿಸಿದವು. ಆ ಪಕ್ಷಗಳ ದ್ವಿತೀಯ ಪ್ರಾಶಸ್ತ್ಯದ ಮತಗಳಾದರೂ ರೆಡ್ಡಿಯವರಿಗೆ ದೊರೆಯಲೆಂದು ನಿಜಲಿಂಗಪ್ಪನವರು ಅವುಗಳ ನಾಯಕರೊಡನೆ ಮಾತುಕತೆ ನಡೆಸಿದರು. ಇದನ್ನೇ ಕಾರಣವಾಗಿ ಎತ್ತಿ ಹಿಡಿದು ಪ್ರಧಾನಮಂತ್ರಿಗಳ ಕಡೆಯವರು, ಸದಸ್ಯರು ತಮ್ಮ ಆತ್ಮಸಾಕ್ಷಿಯಂತೆ ಮತ ನೀಡಲಿ ಎಂದರು. ಮತದಾನಕ್ಕೆ ಮುನ್ನ ಶ್ರೀಮತಿ ಗಾಂಧಿಯವರೂ ಆ ಮಾತನ್ನೇ ಸಾರಿದರು. ಅದರ ಇಂಗಿತವೇನೆಂಬುದು ಯಾರಿಗೂ ಅಸ್ಪಷ್ಟವಾಗಿರಲಿಲ್ಲ.

ಆಗಸ್ಟ್ ೧೬ರಂದು ಮತದಾನ ನಡೆದು ೨೦ರಂದು ಎಣಿಕೆಯಾಯಿತು. ಸಿಂಧುವಾದ ಮತಗಳ ಒಟ್ಟು ಮೌಲ್ಯ ೮,೩೬,೩೩೭. ಗೆಲ್ಲಲು ಅದರ ಅರ್ಧಕ್ಕಿಂತ ಹೆಚ್ಚು, ಎಂದರೆ ೪,೧೮,೧೬೯ ಬೇಕು. ಪ್ರಥಮ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ ೪,೦೧,೫೧೫, ರೆಡ್ಡಿಯವರಿಗೆ ೩,೧೩,೫೪೮, ದೇಶಮುಖರಿಗೆ ೧,೧೨,೭೬೯ ಬಂದವು. ಗಿರಿಯವರು ಮುಂದಿದ್ದರೂ ೧೬,೬೫೪ರಷ್ಟು ಕೊರತೆಯಿತ್ತು. ಆಗ ಕಡಮೆ ಮತ ಪಡೆದವರನ್ನು ಒಬ್ಬೊಬ್ಬರನ್ನಾಗಿ ಕಣದಿಂದ ತೆಗೆದು ಅವರ ಮತಪತ್ರಗಳಲ್ಲಿದ್ದ ಮುಂದಿನ ಪ್ರಾಶಸ್ತ್ಯವನ್ನು ಲೆಕ್ಕ ಹಾಕಿದರು. ಈ ಎಣಿಕೆಯಲ್ಲಿ ರೆಡ್ಡಿಯವರಿಗೆ ೯೧,೮೭೯ ಕೂಡಿಕೊಂಡಿತು; ಗಿರಿಯವರಿಗೆ ಕೂಡಿದ್ದು ೧೮,೫೬೨ ಮಾತ್ರ. ಆದರೂ ಅಂತಿಮ ಮೊತ್ತ ಗಿರಿಯವರಿಗೆ ೪,೨೦,೦೭೭, ರೆಡ್ಡಿಯವರಿಗೆ ೪,೦೫,೪೨೭. ದ್ವಿತೀಯ ಪ್ರಾಶಸ್ತ್ಯಕ್ಕಾಗಿ ಪಟ್ಟ ಶ್ರಮ ವ್ಯರ್ಥವಾಗಲಿಲ್ಲ, ಆದರೆ ಸಾಲಲಿಲ್ಲ. ಕಾಂಗ್ರೆಸ್ಸಿನ ಅನೇಕ ಸದಸ್ಯರು ಮೊದಲ ಪ್ರಾಶಸ್ತ್ಯವನ್ನೇ ಗಿರಿಯವರಿಗೆ ಕೊಟ್ಟಿದ್ದುದೇ ಇದಕ್ಕೆ ಕಾರಣ.

ಇನ್ನು ನ್ಯಾಯಾನ್ಯಾಯದ ವಿಚಾರ. ರಾಷ್ಟ್ರಪತಿಯು ಒಂದು ಪಕ್ಷದ ಸ್ವತ್ತಲ್ಲ, ಇಡೀ ರಾಷ್ಟ್ರದ ಪ್ರಥಮ ಪ್ರಜೆ. ಸಂವಿಧಾನವು ಗೋಪ್ಯ ಮತವನ್ನು ವಿಧಿಸಿರುವುದರಿಂದ ಸದಸ್ಯನು ಸ್ವತಂತ್ರನೇ ಸರಿ ಎಂಬುದು ಒಂದು ವಾದ. ಒಟ್ಟಾಗಿ ಕುಳಿತು ಬಹುಮತದಿಂದ ಮಾಡಿದ ನಿರ್ಣಯವನ್ನು, ಅದರಲ್ಲೂ ತಾನೇ ಸಹಿ ಹಾಕಿದ ಹೆಸರನ್ನು, ಮುರಿದರೆ ಸಂಸ್ಥೆ ಉಳಿಯುವುದೆಂತು ಎಂಬುದು ಮತ್ತೊಂದು ವಾದ. ಎರಡರಲ್ಲಿಯೂ ತಿರುಳಿದೆ. ಸ್ವಾತಂತ್ರ್ಯವಿದೆಯೆಂಬುದು ನಿಜ, ಆದರೆ ಕೊಟ್ಟ ಮಾತಿನ ಭಾರವನ್ನು ಅದು ಇಳಿಸಲಾರದು. ಭಿನ್ನಮತವನ್ನು ಸಹಿ ಹಾಕುವ ಮುನ್ನ ನುಡಿದರೆ ಅದು ನೇರ ನಡೆ; ಸಹಿ ಹಾಕಿದ ಮೇಲೆ ನುಡಿದರೆ, ಆತ್ಮಸಾಕ್ಷಿಯಿಂದಲೇ ನುಡಿದಿದ್ದರೂ, ಕೇಳಿದವರು ಸಂಶಯಪಡುವರು.

ಇದರ ಬೆಲೆಯನ್ನು ಎರಡು ಕಡೆಯವರೂ ತೆತ್ತರು. ೧೯೬೯ರ ನವೆಂಬರ್ ೧೨ರಂದು ಪ್ರಧಾನಮಂತ್ರಿಗಳನ್ನೇ ಪಕ್ಷದಿಂದ ಉಚ್ಚಾಟಿಸಲಾಯಿತು, ಕಾಂಗ್ರೆಸ್ ಇಬ್ಭಾಗವಾಯಿತು. ಅಂದು ಸೋತ ಸಂಜೀವ ರೆಡ್ಡಿಯವರಾದರೋ ೧೯೭೭ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಗಳಾದರು.

ಆಲೋಚಿಸಿರಿ:
೧. ಗಿರಿಯವರಿಗೆ ದ್ವಿತೀಯ ಎಣಿಕೆಯಲ್ಲಿ ಎಷ್ಟು ಮತಮೌಲ್ಯ ಕಡಮೆ ಬಂದಿದ್ದರೆ ಅವರು ೪,೧೮,೧೬೯ನ್ನು ಮುಟ್ಟುತ್ತಿರಲಿಲ್ಲ?
೨. ನಿಮ್ಮ ತರಗತಿಯು ಬಹುಮತದಿಂದ ಆರಿಸಿದ ನಾಯಕನು ನಿಮಗೆ ಒಪ್ಪಿಗೆಯಾಗದಿದ್ದರೆ ನೀವು ಯಾವಾಗ, ಯಾರ ಮುಂದೆ ಅದನ್ನು ಹೇಳುವಿರಿ?