ಕರುಳಿನ ಕ್ಯಾನ್ಸರೂ ದೇಹದ ಕಾವಲುಗಾರರೂ

ವಿದ್ಯಾರ್ಥಿನಿಯರು ಪಾಠವನ್ನು ನಕಲುಮಾಡುವಾಗ ಅಕ್ಷರದೋಷಗಳು ಬೀಳುವುದುಂಟಷ್ಟೆ. ಜೀವಕೋಶವು ಎರಡಾಗುವ ಮುನ್ನ ತನ್ನ ಡಿ.ಎನ್.ಎ.ಯನ್ನು ನಕಲುಮಾಡಿಕೊಳ್ಳುವಾಗಲೂ ಹಾಗೆಯೇ. ಆ ದೋಷಗಳನ್ನು ತಿದ್ದುವುದಕ್ಕೆ ಎಮ್.ಎಲ್.ಎಚ್.1, ಎಮ್.ಎಸ್.ಎಚ್.2 ಮೊದಲಾದ ಜೀನುಗಳಿರುವುವು. ಇವು ಕೆಟ್ಟರೆ ತಪ್ಪುಗಳು ರಾಶಿಬಿದ್ದು ದೊಡ್ಡ ಕರುಳಿನಲ್ಲಿ ಕ್ಯಾನ್ಸರು ಹುಟ್ಟಬಹುದು.

ಆದರೆ ಇಲ್ಲಿ ಒಂದು ವಿಶೇಷವನ್ನು ಗಮನಿಸತಕ್ಕದ್ದು. ತಪ್ಪಾದ ಬರಹದಿಂದ ಅಪರಿಚಿತ ಪ್ರೋಟೀನುಗಳು ಉಂಟಾಗುವುವು. ದೇಹದ ಕಾವಲುಗಾರರಾದ ಲಿಂಫೋಸೈಟುಗಳು ಅವನ್ನು ಗುರುತಿಸಿ ಗೆಡ್ಡೆಯೊಳಕ್ಕೆ ನುಗ್ಗುವುವು. ಆದಕಾರಣ ರೋಗವು ದೂರ ಹರಡುವ ಮುಂಚೆಯೇ ಸಿಕ್ಕಿದಲ್ಲಿ ಇಂಥ ರೋಗಿಗಳ ಗತಿಯು ಸಾಮಾನ್ಯವಾಗಿ ಇತರರದಕ್ಕಿಂತ ಉತ್ತಮವಾಗಿರುವುದು. ಗೆಡ್ಡೆಯಲ್ಲಿ ಕಾವಲುಗಾರರು ಎಷ್ಟು ಮಂದಿ, ಎಲ್ಲೆಲ್ಲಿ ನಿಂತಿರುವರೆಂಬುದರಿಂದ ರೋಗದ ಮುಂದಿನ ಗತಿಯನ್ನು ಊಹಿಸಬಹುದೆಂದು ಪ್ಯಾರಿಸಿನ ಜೆರೋಮ್ ಗಾಲೋನರೂ ಅವರ ಸಂಗಡಿಗರೂ 2006ರಲ್ಲಿ ತೋರಿಸಿದರು.

ಈ ಗುರುತುಗಳಿಂದ ಪ್ರಯೋಜನವೇನು? ಲಿಂಫ್ ಗ್ರಂಥಿಗಳನ್ನು ಮುಟ್ಟದ ಎರಡನೆಯ ಹಂತದಲ್ಲಿ, ತಿದ್ದುವ ಜೀನು ಕೆಟ್ಟವರಿಗೆ ಫ್ಲೋರೋಯುರಾಸಿಲ್ ಮದ್ದೊಂದನ್ನೇ ಕೊಡುವುದರಿಂದ ಲಾಭವು ಕಾಣದು. ವೃಥಾ ಸಂಕಟವು ತಪ್ಪುವುದು. ರೋಗವು ಹರಡಿದ್ದರೆ, ಕಾವಲುಗಾರರನ್ನು ತಡೆಯುವ ಕಟ್ಟನ್ನು ಬಿಡಿಸುವ ಪೆಂಬ್ರೋಲಿಝುಮ್ಯಾಬ್ ಎಂಬ ಮದ್ದುಂಟು. ಅಮೇರಿಕಾ ದೇಶವು 2020ರಲ್ಲಿ ಅದನ್ನು ಇಂಥವರಿಗೆ ಮೊದಲನೆಯ ಚಿಕಿತ್ಸೆಯಾಗಿ ಅಂಗೀಕರಿಸಿತು.

ಈ ದೋಷವು ಕೆಲವು ಕುಟುಂಬಗಳಲ್ಲಿ ವಂಶದಿಂದಲೂ ಬರುವುದು. ಆದುದರಿಂದ ಗೆಡ್ಡೆಯನ್ನು ತೆಗೆದ ಮೇಲೆ ಅದರ ಜೀನು ಪರೀಕ್ಷೆ ನಡೆಯಿತೇ ಎಂದು ವೈದ್ಯರನ್ನು ಕೇಳುವುದು ಮನೆಯವರ ಕರ್ತವ್ಯವಾಗಿದೆ. ಅದರ ಉತ್ತರವು ರೋಗಿಗೆ ಮಾತ್ರವಲ್ಲ, ಅವರ ಒಡಹುಟ್ಟಿದವರಿಗೂ ಮಕ್ಕಳಿಗೂ ಸಲ್ಲತಕ್ಕದ್ದು.