ಹೇಳದ ಕಥೆ

ಒಬ್ಬಾಕೆಗೆ ಒಂದು ಕಥೆ ಗೊತ್ತಿತ್ತು. ಒಂದು ಹಾಡೂ ಗೊತ್ತಿತ್ತು. ಆಕೆ ಯಾರಿಗೂ ಹೇಳಲಿಲ್ಲ. ಒಂದು ದಿನ ಮಲಗಿದ್ದಾಗ ಎರಡೂ ಬಾಯಿಂದ ಹೊರಗೆ ಬಂದವು. ಕಥೆ ಜೋಡು ಆಗಿ ಬಾಗಿಲಲ್ಲಿ ಕೂತಿತು. ಹಾಡು ಕೋಟು ಆಗಿ ಗೂಟಕ್ಕೆ ನೇತಾಡಿತು.

ಗಂಡ ಬಂದ. "ಇವು ಯಾರವು?" ಅಂದ. ಆಕೆಗೆ ತಿಳಿಯದು. ಜಗಳ ಆಯಿತು. ಗಂಡ ಹನುಮಂತನ ಗುಡಿಗೆ ಹೋಗಿ ಮಲಗಿದ. ರಾತ್ರಿ ಊರಿನ ದೀಪಗಳೆಲ್ಲ ಅಲ್ಲಿ ಸೇರಿ ಮಾತಾಡಿದವು. ಅವನಿಗೆ ನಿಜ ತಿಳಿಯಿತು. ಮನೆಗೆ ಬಂದು ಕೇಳಿದ, "ಯಾವ ಕಥೆ? ಯಾವ ಹಾಡು?" ಅಷ್ಟರಲ್ಲಿ ಆಕೆಗೆ ಎರಡೂ ಮರೆತಿದ್ದವು!

ಇದು ಕನ್ನಡದ ಜನಪದ ಕಥೆ. ಮೈಸೂರಿನ ಎ. ಕೆ. ರಾಮಾನುಜನ್ ಇಂಥ ಕಥೆಗಳನ್ನು ಕೇಳಿ ಬರೆದಿಟ್ಟರು. ಗಿರೀಶ ಕಾರ್ನಾಡರ 1988ರ 'ನಾಗಮಂಡಲ' ನಾಟಕದಲ್ಲೂ ಮಾತಾಡುವ ದೀಪಗಳಿವೆ.

ಅಕ್ಕಂದಿರೇ, ಮಾಗಡಿ, ಕುಣಿಗಲ್ ಕಡೆಯಿಂದ ವಿಜಯನಗರ, ಕೆಂಗೇರಿಗೆ ಬಂದವರು ನಮ್ಮಲ್ಲಿ ಎಷ್ಟೋ ಜನ. ಊರಲ್ಲಿ ಅಜ್ಜಿ ಹೇಳಿದ ಕಥೆ ನಿಮ್ಮ ಮಕ್ಕಳಿಗೆ ಗೊತ್ತೇ? ಅದನ್ನೇ ಪುಸ್ತಕ ಮಾಡಿ.

ಎರಡು ಹಾಳೆ ಸೇರಿಸಿ ಮಡಚಿ. ನಡುವೆ ದಾರ ಹಾಕಿ ಹೊಲೀರಿ. ಎಂಟು ಪುಟ ಆಯಿತು. ಮೊದಲ ಪುಟಕ್ಕೆ ಕಥೆಯ ಹೆಸರು. ಆಮೇಲೆ ಪುಟಕ್ಕೆ ಒಂದೋ ಎರಡೋ ಮಾತು. ಅಜ್ಜಿ ಹೇಳಿದ ಹಾಗೇ ಬರೀರಿ.

ಚಿತ್ರ ಬರಲ್ಲ ಅಂತೀರಾ? ದಿನಾ ರಂಗೋಲಿ ಬಿಡೋ ಕೈ ಅಲ್ವೇ! ಮಾತಲ್ಲಿ ಹೇಳದ್ದನ್ನು ಚಿತ್ರದಲ್ಲಿ ತೋರಿಸಿ. 'ಗಂಡ ಬಂದ' ಅಂತಷ್ಟೇ ಬರೆದು, ಬಾಗಿಲಲ್ಲಿ ಜೋಡು ಬಿಡಿಸಿ. ಮಗು ತಾನೇ ಕೇಳುತ್ತದೆ, "ಅಮ್ಮ, ಇದು ಯಾರದು?"

ಹೇಳಿ: ಹಾಡು ಏನಾಯಿತು?
ಬರೆಯಿರಿ: ನೀವು ಕೇಳಿದ ಒಂದು ಕಥೆಯ ಹೆಸರು.