‘ಬೈ’ ಎನ್ನುವ ಮುನ್ನ

ಶಾಲೆಯ ವ್ಯಾನು ಹತ್ತುವ ಮಗು ‘ಬೈ’ ಎನ್ನುತ್ತದೆ. ಫೋನ್ ಇಡುವಾಗ ಅಜ್ಜಿಯೂ ‘ಬೈ’ ಎನ್ನುತ್ತಾರೆ. ಕನ್ನಡದ ಕಿವಿಗೆ ಈ ಪದ ಬೈಗುಳವನ್ನು ನೆನಪಿಸಬಹುದು. ಆದರೆ ಮೂಲದಲ್ಲಿ ಇದೊಂದು ಪ್ರಾರ್ಥನೆ.

‘ಬೈ’ ಎಂಬುದು ‘ಗುಡ್‌ಬೈ’ ಪದದ ಬಾಲ. ‘ಗುಡ್‌ಬೈ’ ಹುಟ್ಟಿದ್ದು ‘ಗಾಡ್ ಬಿ ವಿತ್ ಯೀ’ ಎಂಬ ಹಳೆಯ ಇಂಗ್ಲಿಷ್ ಹಾರೈಕೆಯಿಂದ. ‘ದೇವರು ನಿಮ್ಮೊಡನೆ ಇರಲಿ’ ಎಂದು ಅದರ ಅರ್ಥ. ಆಡುಮಾತಿನಲ್ಲಿ ಸವೆದು ಸವೆದು, 16ನೇ ಶತಮಾನದ ಕೊನೆಯ ಹೊತ್ತಿಗೆ ಅದು ಒಂದೇ ಪದವಾಗತೊಡಗಿತು. ‘ಗುಡ್ ಡೇ’ ಮುಂತಾದ ವಂದನೆಗಳ ಪ್ರಭಾವದಿಂದ ‘ಗಾಡ್’ ಹೋಗಿ ‘ಗುಡ್’ ಬಂತು. ಮುಂದೆ ಆ ‘ಗುಡ್’ ಕೂಡ ಬಿದ್ದುಹೋಗಿ ‘ಬೈ’ ಮಾತ್ರ ಉಳಿಯಿತು. ಹಾರೈಕೆಯ ಚೂರು ಉಳಿಯಿತು, ದೇವರ ಹೆಸರು ಮರೆಯಾಯಿತು!

ಈ ಹಾರೈಕೆ ಇಂಗ್ಲಿಷರಿಗಿಂತ ಬಹಳ ಹಳೆಯದು. ಹಳೆಯ ಒಡಂಬಡಿಕೆಯ ರೂತಳ ಗ್ರಂಥವನ್ನು (2:4) ತೆರೆದು ನೋಡಿ. ಹೊಲಕ್ಕೆ ಬಂದ ಬೋವಜನು ತೆನೆ ಕೊಯ್ಯುವ ಕೂಲಿಯಾಳುಗಳಿಗೆ ದೇವರು ಅವರೊಡನೆ ಇರಲೆಂದು ಹಾರೈಸುತ್ತಾನೆ. ಅವರೂ ಧಣಿಯನ್ನು ಹರಸುತ್ತಾರೆ. ಬಲಿಪೂಜೆಯಲ್ಲಿ ಶುಭಸಂದೇಶ ವಾಚನಕ್ಕೂ ಕೊನೆಯ ಆಶೀರ್ವಾದಕ್ಕೂ ಮುನ್ನ ಗುರುಗಳು ನಮಗೆ ಹಾರೈಸುವುದೂ ಇದನ್ನೇ.

ಮತ್ತಾಯನ ಶುಭಸಂದೇಶವನ್ನೂ ಗಮನಿಸಿ. ಮೊದಲ ಅಧ್ಯಾಯದಲ್ಲಿ ಹುಟ್ಟಲಿರುವ ಮಗುವಿಗೆ ‘ಇಮ್ಮಾನುವೇಲ್’ ಎಂಬ ಹೆಸರಿದೆ. ದೇವರು ನಮ್ಮೊಡನೆ ಇದ್ದಾರೆ ಎಂದು ಅದರ ಅರ್ಥ. ಕೊನೆಯ ವಾಕ್ಯದಲ್ಲಿ, ಲೋಕಾಂತ್ಯದವರೆಗೂ ಶಿಷ್ಯರ ಸಂಗಡ ಇರುವುದಾಗಿ ಯೇಸುಸ್ವಾಮಿ ಮಾತು ಕೊಡುತ್ತಾರೆ. ಕಷ್ಟವೇ ಬಾರದು ಎಂದು ಅವರು ಹೇಳಲಿಲ್ಲ, ಜೊತೆಗಿರುತ್ತೇನೆ ಎಂದರು. ಪರಊರಿಗೆ ಹೊರಟ ಮಗಳ ಜೊತೆ, ಶಸ್ತ್ರಚಿಕಿತ್ಸೆಗೆ ಹೋಗುವ ತಂದೆಯ ಜೊತೆ ನಾವು ಎಲ್ಲೆಲ್ಲಿಗೂ ಹೋಗಲಾರೆವು. ನಾವು ನಿಲ್ಲಬೇಕಾದ ಬಾಗಿಲನ್ನು ದಾಟಿ ಅವರೊಡನೆ ಹೋಗಬಲ್ಲವರು ದೇವರೊಬ್ಬರೇ.

ನಮ್ಮ ಹಿರಿಯರು ಮನೆ ಬಿಡುವಾಗ ‘ಹೋಗ್ತೀನಿ’ ಎನ್ನಲು ಬಿಡುತ್ತಿರಲಿಲ್ಲ, ‘ಹೋಗಿ ಬರ್ತೀನಿ’ ಎನ್ನಬೇಕಿತ್ತು. ಈ ಕನ್ನಡದ ಮಾತಿನಲ್ಲಿ ಮರಳಿ ಬರುವ ಭರವಸೆಯಿದೆ, ಆ ಇಂಗ್ಲಿಷ್ ಮಾತಿನಲ್ಲಿ ದಾರಿಗೆ ಜೊತೆಯಾಗುವ ದೇವರಿದ್ದಾರೆ. ಎರಡೂ ನಮಗೆ ಬೇಕು.

ಆದರೆ ಎಷ್ಟು ಮನೆಗಳಲ್ಲಿ ಬೆಳಗಿನ ಬೀಳ್ಕೊಡುಗೆ ನಡೆಯುವುದು ಮುನಿಸಿನಲ್ಲಿ! ಗಂಡ ಬಾಗಿಲು ದಬ್ಬಿಕೊಂಡು ಹೋಗುತ್ತಾನೆ, ಹೆಂಡತಿ ಮುಖ ತಿರುಗಿಸುತ್ತಾಳೆ, ಮಗ ಮೊಬೈಲಿನಿಂದ ಕಣ್ಣೆತ್ತುವುದಿಲ್ಲ. ಸಾವಿನ ಮನೆಯಲ್ಲಿ ಗುರುಗಳ ಮುಂದೆ ಜನ ಹೇಳಿಕೊಂಡು ಅಳುವುದು ಆಸ್ತಿಪಾಸ್ತಿಯ ಮಾತನ್ನಲ್ಲ. “ಫಾದರ್, ಅವತ್ತು ಒಂದು ಮಾತೂ ಆಡದೆ ಕಳಿಸಿಬಿಟ್ಟೆ” ಎಂದು ಅಳುತ್ತಾರೆ. ಯಾವ ಬೀಳ್ಕೊಡುಗೆ ಕೊನೆಯದೆಂದು ನಮಗೆ ತಿಳಿಯದು. ಜಗಳ ಸಂಜೆ ಬಗೆಹರಿಯಬಹುದು, ಆಶೀರ್ವಾದ ಮಾತ್ರ ಸಂಜೆಗೆ ಕಾಯಬಾರದು.

ಆದ್ದರಿಂದ ‘ಬೈ’ ಎನ್ನುವುದನ್ನು ಬಿಡಬೇಕಾಗಿಲ್ಲ, ಅದರಲ್ಲಿ ಅಡಗಿರುವ ಪ್ರಾರ್ಥನೆಯನ್ನು ಮತ್ತೆ ತುಂಬಿದರೆ ಸಾಕು. ತಂದೆತಾಯಿಗಳೇ, ಮಕ್ಕಳು ಹೊರಡುವಾಗ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿರಿ. ಮಕ್ಕಳೇ, ವಯಸ್ಸಾದ ಹೆತ್ತವರಿಗೂ ಹಾಗೆಯೇ ಹಾರೈಸಿರಿ. ಮನೆಗೆಲಸದವರು ಸಂಜೆ ಹೊರಟಾಗ ಬೋವಜನನ್ನು ನೆನೆಯಿರಿ. ಮಾತು ಬಿಟ್ಟವರಿದ್ದರೆ ಈ ವಾರ ಅವರಿಗೆ ಮೊದಲು ನೀವೇ ಹೇಳಿರಿ: ಹೋಗಿ ಬನ್ನಿ, ದೇವರು ನಿಮ್ಮ ಜೊತೆಗಿರಲಿ.